ನಿಮ್ಮೂರ ಕೆರೆಗೆ ಹೊರದೇಶದ ತಂಡ ಬಂದರೆ: ಮಲೆನಾಡಿನವರಿಗೊಂದು ಮಾರ್ಗದರ್ಶಿ

ಹೊಸನಗರ ಕಡೆಯ ಒಂದು ಊರು. ದೇವಸ್ಥಾನದ ಪೌಳಿಯಲ್ಲಿ ಮಂಚದಷ್ಟು ದೊಡ್ಡ ನಕ್ಷೆ ಹಾಸಿಕೊಂಡು ಕೂತಿದ್ದೆವು. ಯೂರೋಪಿನಿಂದ ಬಂದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗಳ (ಕೆರೆ, ದಾರಿ, ತೋಟದಂಥ ಹೊರಗಿನ ಜಾಗಗಳ ವಿನ್ಯಾಸ ಮಾಡೋರು) ತಂಡ ಹತ್ತು ದಿನ ಕೂತು ಬರೆದ ಕೆರೆಯ ನಕ್ಷೆ ಅದು. ದಂಡೆಯ ಸುತ್ತ ಮೆಟ್ಟಿಲು, ಕೂರೋಕೆ ಕಲ್ಲು, ನಡುವೆ ಚಂದದ ನೀಲಿ ಬಣ್ಣ. ಊರಿನ ಅಜ್ಜ ಒಬ್ಬರು ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಅಲ್ಲ ಮಾರಾಯ್ತಿ, ಇದು ಯಾವ ಮಳೆಯ ನೀರು? ಆರಿದ್ರದ್ದಾ, ಸ್ವಾತಿದ್ದಾ?"

ಇಂಗ್ಲಿಷಿನಲ್ಲಿ ಹೇಳೋಕೆ ಹೋದೆ, ಬಾಯಿ ಕಟ್ಟಿತು. ನಮ್ಮಲ್ಲಿ ಪುಷ್ಯ ಮಳೆ ಹೊತ್ತಿಗೆ ಕೋಡಿ ಬೀಳೋ ಕೆರೆ, ಮೇ ತಿಂಗಳಲ್ಲಿ ಎಮ್ಮೆ ಮೀಯೋ ಹೊಂಡ ಆಗಿರುತ್ತದೆ. ನಕ್ಷೆಯಲ್ಲಿ ಇದ್ದದ್ದು ಒಂದೇ ನೀಲಿ ಗೆರೆ. ತಪ್ಪು ಆ ತಂಡದ್ದು ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಹತ್ತು ದಿನವೂ ಅವರ ಜೊತೆಗೇ ಇದ್ದವಳು ನಾನು. ಜೀಪು ಗೊತ್ತು ಮಾಡಿದೆ, ಊಟ ಹೇಳಿದೆ, ಮಾತು ತಿರುಗಿಸಿದೆ. ಅಜ್ಜ ಕೇಳಿದ ಪ್ರಶ್ನೆಯನ್ನು ಮೊದಲನೇ ದಿನ ಕೇಳಬೇಕಾದವಳೂ ನಾನೇ ಆಗಿದ್ದೆ.

ಆಮೇಲೆ ಇಂಥ ನಾಲ್ಕಾರು ಕೆಲಸಗಳಲ್ಲಿ ಕೈಜೋಡಿಸಿದ್ದೇನೆ. ಹೊರದೇಶದವರ ಜೊತೆ ಕೆರೆ, ಕಾಲುದಾರಿ, ದೇವರಕಾಡಿನ ಅಂಚು, ಹೋಂಸ್ಟೇ ಅಂಗಳ ಅಂತ ಕೆಲಸ ಮಾಡಬೇಕಾಗಿ ಬಂದ ಓದುಗರಿಗೆ ಇದು ಉಪಯೋಗ ಆದೀತು. ನೀವು ವಿನ್ಯಾಸ ಓದಿದವರೇ ಆಗಬೇಕಿಲ್ಲ. ಪಂಚಾಯಿತಿ ಸದಸ್ಯರು, ತೋಟದ ಯಜಮಾನರು, ಈಗಷ್ಟೇ ಡಿಗ್ರಿ ಮುಗಿಸಿ ಊರಿಗೆ ಬಂದ ಹುಡುಗ ಹುಡುಗಿಯರು, ಯಾರಾದರೂ ಸರಿ.

ಮೊದಲ ಹೆಜ್ಜೆ: ಹೂಂ ಅನ್ನೋ ಮುಂಚೆ ನಾಲ್ಕು ಮಾತು ಕೇಳಿ

ಬರೋ ತಂಡಗಳು ಸಾಮಾನ್ಯವಾಗಿ ಮೂರು ಥರ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು: ಎರಡು ವಾರ ಇದ್ದು, ಚಿತ್ರ ಬರೆದು, ಅಂಕ ತಗೊಂಡು ಹೋಗುತ್ತಾರೆ. ಸಂಶೋಧಕರು: ಅವರಿಗೆ ಬೇಕಾಗಿರೋದು ಮಾಹಿತಿ. ಹಣ ಪಡೆದು ವಿನ್ಯಾಸ ಮಾಡೋ ಕಚೇರಿಗಳು: ಇವರು ಮಾತ್ರ ನಿಜಕ್ಕೂ ಏನಾದರೂ ಕಟ್ಟೋಕೆ ಬಂದವರು. ಮೂವರೂ ಒಳ್ಳೆಯವರೇ ಇರಬಹುದು. ಆದರೆ ವಿದ್ಯಾರ್ಥಿಗಳು ಬಂದಾಗ ಊರವರು 'ಕೆರೆ ರಿಪೇರಿ ಆಗುತ್ತೆ' ಅಂತ ಕಾಯ್ತಾ ಕೂತರೆ, ಮುಂದಿನ ಸಲ ಯಾರು ಬಂದರೂ ಬಾಗಿಲು ತೆಗೆಯೋದಿಲ್ಲ. ಹಾಗಾಗಿ ಮೊದಲ ಪತ್ರದಲ್ಲೇ ಕೇಳಿ: ನಕ್ಷೆ ಆದಮೇಲೆ ಕಟ್ಟೋರು ಯಾರು? ದುಡ್ಡು ಯಾರದ್ದು? ಎಷ್ಟು ಸಲ ಬರ್ತೀರಿ? ನೀವು ಹೋದಮೇಲೆ ಅದನ್ನು ನೋಡಿಕೊಳ್ಳೋರು ಯಾರು?

'ನಾವು ಇಫ್ಲಾ ಸದಸ್ಯರು' ಅಂತ ಕೆಲವರು ಹೇಳಿಕೊಳ್ಳುತ್ತಾರೆ. ಇಫ್ಲಾ ಅಂದರೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗಳ ಅಂತರರಾಷ್ಟ್ರೀಯ ಒಕ್ಕೂಟ. 1948ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಶುರುವಾಯಿತು. ಅದು ಮುಖ್ಯವಾಗಿ ದೇಶ ದೇಶಗಳ ಸಂಘಗಳ ಒಕ್ಕೂಟ. ಭಾರತದಿಂದ ಅದರಲ್ಲಿರೋದು ಐಸೋಲಾ, ಅಂದರೆ ಇಲ್ಲಿಯ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗಳ ಸಂಘ. ಆದ್ದರಿಂದ 'ನಿಮ್ಮ ದೇಶದ ಯಾವ ಸಂಘ?' ಅಂತ ಕೇಳಿ. ಸರಿಯಾದವರು ಬೇಜಾರು ಮಾಡಿಕೊಳ್ಳದೆ ಹೇಳುತ್ತಾರೆ.

ಎರಡನೇ ಹೆಜ್ಜೆ: ಕಾಗದ ಪತ್ರ

ಇದು ಬೋರು. ಆದರೂ ಬಿಡೋ ಹಾಗಿಲ್ಲ. ಪ್ರವಾಸಿ ವೀಸಾದಲ್ಲಿ ಬಂದು ಕೆಲಸ ಮಾಡುವಂತಿಲ್ಲ, ಇದನ್ನು ಅವರೇ ನೋಡಿಕೊಳ್ಳಬೇಕು. ನೀವು ನೋಡಿಕೊಳ್ಳಬೇಕಾದ್ದು ಉಳಿದುಕೊಂಡ ವಿದೇಶದವರ ವಿವರ ಕೊಡೋ ಫಾರಂ, ಫಾರಂ ಸಿ ಅಂತ ಹಿಂದಿನಿಂದ ಕರೆಯೋದು. ವಿದೇಶದವರು ನಿಮ್ಮ ಮನೆಯಲ್ಲೋ ಹೋಂಸ್ಟೇಯಲ್ಲೋ ಉಳಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತಿಳಿಸಬೇಕು. 'ನಮ್ಮ ಗೆಸ್ಟು, ಪರಿಚಯದವರು' ಅನ್ನೋದು ಲೆಕ್ಕಕ್ಕೆ ಬರೋದಿಲ್ಲ.

ಡ್ರೋನ್ ತರಬೇಡಿ ಅಂತ ಮೊದಲೇ ಹೇಳಿಬಿಡಿ. ಡ್ರೋನ್ ಆಮದಿಗೆ 2022ರ ಫೆಬ್ರವರಿಯಿಂದ ನಿಷೇಧ ಇದೆ, ವಿನಾಯಿತಿಗಳು ಕೆಲವೇ ಕೆಲವು. ಸ್ಯಾಟಲೈಟ್ ಫೋನ್ ಕೂಡ ಹಾಗೆಯೇ. ಕಾಡಿನಲ್ಲಿ ನೆಟ್‌ವರ್ಕ್ ಇರೋದಿಲ್ಲ ಅಂತ ಒಳ್ಳೆ ಮನಸ್ಸಿನಿಂದಲೇ ತರುತ್ತಾರೆ. ಅನುಮತಿ ಇಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತಾರೆ.

ಜಾಗದ ಅಳತೆಯನ್ನು ಇಲ್ಲಿಯ ಸರ್ವೆಯವರಿಂದಲೇ ಮಾಡಿಸಿ. 2021ರ ಕೇಂದ್ರದ ಮಾರ್ಗಸೂಚಿ ಪ್ರಕಾರ ನೆಲದ ಮೇಲಿನ ಸರ್ವೆ ಮತ್ತು ಒಂದು ಮೀಟರಿಗಿಂತ ನಿಖರವಾದ ನಕ್ಷೆ ಭಾರತದ ಸಂಸ್ಥೆಗಳ ಕೆಲಸ. ಇದರಿಂದ ನಮಗೇ ಲಾಭ: ಅಳತೆ ನಮ್ಮ ಕೈಯಲ್ಲಿ ಉಳಿಯುತ್ತದೆ.

ಗಿಡ, ಬೀಜ, ಮಣ್ಣಿನ ವಿಷಯದಲ್ಲಿ ಇನ್ನೂ ಹುಷಾರು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ವಿದೇಶದವರು ಸಂಶೋಧನೆಗೆ ಇಲ್ಲಿಯ ಗಿಡಮೂಲ ತೆಗೆದುಕೊಳ್ಳಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ನಿಮ್ಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು. ಇದೆಯಾ, ಸುಮ್ನೆ ಹೆಸರಿಗೆ ಇದೆಯಾ, ಈ ನೆವದಲ್ಲಾದರೂ ವಿಚಾರಿಸಿ.

ದುಡ್ಡು: ಊರಿನ ಯುವಕ ಸಂಘದ ಖಾತೆಗೆ ಹೊರದೇಶದ ದೇಣಿಗೆ ನೇರ ಹಾಕಿಸಿಕೊಳ್ಳಬೇಡಿ. ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ನೀವು ಮಾಡಿದ ಕೆಲಸಕ್ಕೆ ಬಿಲ್ ಕೊಟ್ಟು ಸಂಭಾವನೆ ಪಡೆಯೋದು ಬೇರೆ ದಾರಿ. ಒಬ್ಬ ಆಡಿಟರನ್ನು ಕೇಳಿ ಮುಂದುವರಿಯಿರಿ.

ಕೊನೆಗೆ ಜಾಗ ಯಾರದ್ದು ಅನ್ನೋದು. ಪಹಣಿ ತೆಗೆಸಿ. ಮಲೆನಾಡಿನಲ್ಲಿ ಒಂದೇ ಗುಡ್ಡದ ತಲೆ ಅರಣ್ಯ ಇಲಾಖೆಯದ್ದು, ಹೊಟ್ಟೆ ತೋಟಕ್ಕೆ ಸೊಪ್ಪು ತರೋ ಸೊಪ್ಪಿನಬೆಟ್ಟ, ಬುಡ ಯಾರದ್ದೋ ತೋಟ. ವಿದೇಶದವರ ಕಣ್ಣಿಗೆ ಅದು ಒಂದೇ ಹಸಿರು.

ಮೂರನೇ ಹೆಜ್ಜೆ: ಪದಗಳ ಪಟ್ಟಿ

ನನ್ನ ಪ್ರಕಾರ ಇಡೀ ಕೆಲಸ ನಿಲ್ಲೋದು ಇದರ ಮೇಲೆ. ಮೊದಲ ಸಂಜೆಯೇ ಒಂದು ದೊಡ್ಡ ಹಾಳೆ ತಗೊಂಡು ಗೋಡೆಗೆ ಅಂಟಿಸಿ. ನಮ್ಮ ಜಾಗದ ಪದಗಳನ್ನು ಕನ್ನಡದಲ್ಲೇ ಬರೆಯಿರಿ, ಪಕ್ಕದಲ್ಲಿ ಅವರ ಲಿಪಿಯಲ್ಲಿ ಉಚ್ಚಾರಣೆ. ಇಂಗ್ಲಿಷ್ ಅರ್ಥ ಬರೆಯಬೇಡಿ, ಬದಲು ಆ ಜಾಗದಲ್ಲಿ ಏನು ನಡೆಯುತ್ತದೆ ಅಂತ ಬರೆಯಿರಿ. ಯಾಕೆ ಅಂದರೆ, ಅರ್ಥ ಬರೆದ ಕೂಡಲೇ ಪದ ಸತ್ತುಹೋಗುತ್ತದೆ.

ಕಾನು ಅನ್ನೋದಕ್ಕೆ 'ಫಾರೆಸ್ಟ್' ಅಂತ ಬರೆದರೆ ಮುಗೀತು. ಕಾನು ಬರೀ ಕಾಡಲ್ಲ. ಕೆಳಗಿನ ತೋಟಕ್ಕೆ ನೀರು ಹಿಡಿದಿಡೋ ಜಾಗ, ಕಾಳುಮೆಣಸು, ಉಪ್ಪಾಗೆ ಸಿಗೋ ಜಾಗ, ಚೌಡಿ ಕಲ್ಲು ಇರೋ ಜಾಗ. ಬ್ಯಾಣ ಅಂದರೆ ದನ ಮೇಯೋ ಹುಲ್ಲುಗಾವಲು. ಅದನ್ನು 'ಖಾಲಿ ಜಾಗ' ಅಂದುಕೊಂಡು ಗಿಡ ನೆಡೋ ಯೋಜನೆ ಬರೆದವರನ್ನು ನಾನೇ ನೋಡಿದ್ದೇನೆ. ಸೊಪ್ಪಿನಬೆಟ್ಟದಲ್ಲಿ ಕಡಿದ ಕೊಂಬೆ ಕಂಡು 'ಕಾಡು ಹಾಳು ಮಾಡ್ತಿದ್ದಾರೆ' ಅಂತ ಫೋಟೋ ತೆಗೆದವರೂ ಇದ್ದಾರೆ. ಆ ಸೊಪ್ಪು ಕೊಟ್ಟಿಗೆಗೆ ಹೋಗಿ, ಗೊಬ್ಬರ ಆಗಿ, ಅಡಿಕೆ ಮರದ ಬುಡಕ್ಕೆ ಬರೋ ತನಕ ಅವರನ್ನು ಕರೆದುಕೊಂಡು ಹೋಗಿ ತೋರಿಸಿ. ಒಂದು ಬೆಳಗ್ಗೆ ಸಾಕು.

ಮಳೆ ನಂಬಿದ ಎತ್ತರದ ಮಕ್ಕಿಗದ್ದೆ ಬೇರೆ, ತಗ್ಗಿನ ಬಯಲುಗದ್ದೆ ಬೇರೆ. ಕೆರೆ, ಕಟ್ಟೆ, ಹೊಂಡ ಎಲ್ಲಕ್ಕೂ 'ಪಾಂಡ್' ಅನ್ನಬೇಡಿ. ಧರೆ ಅನ್ನೋದು ಬರೀ ಇಳಿಜಾರಲ್ಲ. ನಾವು ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ, ಮಳೆಗಾಲದಲ್ಲಿ ಮನೆ ಮೇಲೆ ಕುಸಿಯೋ ಭಯ. 'ಧರೆ ಕುಸಿತ' ಅನ್ನೋ ಸುದ್ದಿ ಆಷಾಢದಲ್ಲಿ ದಿನಾ ಪೇಪರಿನಲ್ಲಿ ಬರುತ್ತೆ, ಅಲ್ವಾ? ಆ ಕಟಿಂಗ್ ತೋರಿಸಿ, ಆಮೇಲೆ ಅವರು ಧರೆಯ ತಲೆ ಮೇಲೆ ವೀಕ್ಷಣಾ ಕಟ್ಟೆ ಬರೆಯೋದಿಲ್ಲ.

ಹಿನ್ನೀರು ಅನ್ನೋ ಪದಕ್ಕೆ ಅರ್ಧ ದಿನ ಕೊಡಿ. ಶರಾವತಿ ಹಿನ್ನೀರನ್ನು ಹೊರಗಿನವರು 'ಲೇಕ್' ಅಂತಾರೆ. ಸೂರ್ಯಾಸ್ತಕ್ಕೆ ಚಂದ ಕಾಣುತ್ತದೆ, ಸುಳ್ಳಲ್ಲ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದಮೇಲೆ ಆ ನೀರಿನ ಅಡಿಗೆ ಹೋದದ್ದು ಊರುಗಳು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೆಯೇ ಎದ್ದು ಕಾಣುತ್ತದೆ. ಆ ದಂಡೆಯಲ್ಲಿ 'ಲೇಕ್ ವ್ಯೂ' ಬೆಂಚು ಹಾಕೋ ಮುಂಚೆ, ಎದ್ದು ಬಂದ ಕುಟುಂಬದ ಒಬ್ಬರ ಜೊತೆ ಕೂರಿಸಿ ಮಾತಾಡಿಸಿ. ನೀವು ವಿವರಿಸಬೇಡಿ. ಅವರೇ ಹೇಳಲಿ.

ಇನ್ನು ಅವರ ಪದಗಳು. 'ಪಬ್ಲಿಕ್ ಸ್ಪೇಸ್' ಅಂತ ಒಂದು ಬರುತ್ತದೆ. ನಮ್ಮಲ್ಲಿ ಮನೆಗಳು ತೋಟದ ತಲೆಯಲ್ಲಿ ಒಂದೊಂದಾಗಿ ಇರುತ್ತವೆ, ಊರ ಮಧ್ಯೆ ಚೌಕ ಅಂತ ಇರೋದಿಲ್ಲ. ಹಾಗಾಗಿ ನಕ್ಷೆಯಲ್ಲಿ ಹೊಸದೊಂದು ಚೌಕ ಹುಟ್ಟಿಕೊಳ್ಳುತ್ತದೆ, ಅಲ್ಲಿಗೆ ಯಾರೂ ಹೋಗೋದಿಲ್ಲ. ಜನ ಸೇರೋದು ಎಲ್ಲಿ? ಹಾಲಿನ ಡೈರಿ ಮುಂದೆ, ಸೊಸೈಟಿ ಕಟ್ಟೆ ಮೇಲೆ, ಬಸ್ ಸ್ಟಾಪಿನಲ್ಲಿ. ಬೆಳಗ್ಗೆ ಆರೂವರೆಗೆ ಡೈರಿ ಹತ್ತಿರ ನಿಲ್ಲಿಸಿ, ಗೊತ್ತಾಗುತ್ತದೆ. ಮತ್ತೆ, ಬಿಸಿಲಿನ ದೇಶ ಅಂದುಕೊಂಡು ಎಲ್ಲ ಕಡೆ ನೆರಳಿನ ಮರ ಬರೆಯುತ್ತಾರೆ. ಅಡಿಕೆ ಒಣಗಿಸೋ ಅಂಗಳದ ತೆಂಕು ದಿಕ್ಕಿಗೆ ದೊಡ್ಡ ಮರ ನೆಟ್ಟರೆ ಮನೆಯವರು ಎರಡನೇ ವರ್ಷಕ್ಕೇ ಕಡಿಯುತ್ತಾರೆ.

ಒಂದು ಉಪಾಯ. ಯೂರೋಪಿನವರಾದರೆ ಅವರದ್ದೇ ಒಪ್ಪಂದ ನೆನಪಿಸಿ. 2000ದಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಆದ ಯೂರೋಪಿನ ಭೂದೃಶ್ಯ ಒಪ್ಪಂದ, ಭೂದೃಶ್ಯ ಅಂದರೆ 'ಜನ ಕಂಡುಕೊಂಡ ಹಾಗೆ ಇರುವ ಪ್ರದೇಶ' ಅನ್ನೋ ಅರ್ಥದಲ್ಲಿ ಹೇಳುತ್ತದೆ. ನಮ್ಮ ಜನ ಕಂಡುಕೊಂಡದ್ದು ಇದು ಅಂತ ಗೋಡೆಯ ಹಾಳೆ ತೋರಿಸಿ. ವಾದ ಬೇಗ ಮುಗಿಯುತ್ತದೆ.

ಹೇಳೋಕೆ ಮುಜುಗರ ಆಗೋ ಮಾತು ಒಂದಿದೆ. ನಾವು ಮಾತು ತಿರುಗಿಸುವಾಗ ನಮ್ಮೂರನ್ನು ಚಂದ ಮಾಡಿ ತೋರಿಸುತ್ತೇವೆ. ಯಾವ ಕೇರಿಯವರು ಯಾವ ಕೆರೆಗೆ ಇಳಿಯೋದಿಲ್ಲ, ಕೂಲಿಗೆ ಬರೋ ಹೆಂಗಸರು ಯಾವ ದಾರಿಯಲ್ಲಿ ಓಡಾಡ್ತಾರೆ, ಸಭೆಗೆ ಯಾರನ್ನು ಕರೆಯಲೇ ಇಲ್ಲ, ಇವೆಲ್ಲ ಬಿಟ್ಟುಹೋಗುತ್ತವೆ. ದೇವಸ್ಥಾನದ ಪೌಳಿಯಲ್ಲಿ ಸಭೆ ಇಟ್ಟರೆ ಕೆಲವರು ಬರೋದೇ ಇಲ್ಲ. ನಾನು ಹಾಗೆ ಇಟ್ಟಿದ್ದೆ. ಈಗ ಶಾಲೆಯಲ್ಲಿ ಒಂದು, ಕೇರಿಯ ಅಂಗಳದಲ್ಲಿ ಒಂದು, ಹೀಗೆ ಬೇರೆ ಬೇರೆ ಇಡುತ್ತೇನೆ.

ನಾಲ್ಕನೇ ಹೆಜ್ಜೆ: ಎರಡು ಸಲ ನಡೆಸಿ

ವಿದೇಶದವರು ಕೇಳೋದು ಡಿಸೆಂಬರ್, ಜನವರಿ. ರಜೆ, ಹಿತವಾದ ಹವೆ. ಆಗ ಬಂದು ಹೋದರೆ ಮಲೆನಾಡು ನೋಡಿದ ಹಾಗಲ್ಲ. ಒಂದು ಭೇಟಿ ಜುಲೈನಲ್ಲಿ, ಪುನರ್ವಸು ಪುಷ್ಯದ ನಡುವೆ. ಇನ್ನೊಂದು ಏಪ್ರಿಲ್‌ನಲ್ಲಿ. ಒಂದೇ ಭೇಟಿಗೆ ದುಡ್ಡು ಇದೆ ಅಂದರೆ ಜುಲೈ ಆರಿಸಿ.

ಲೆಕ್ಕ ಹೇಳಿದರೆ ಬೇಗ ಒಪ್ಪುತ್ತಾರೆ. ಲಂಡನ್‌ನಲ್ಲಿ ವರ್ಷಕ್ಕೆ ಬೀಳೋ ಮಳೆ 600 ಮಿಲಿಮೀಟರ್ ಆಸುಪಾಸು, ಅದೂ ವರ್ಷವಿಡೀ ಹರಡಿಕೊಂಡು. ಆಗುಂಬೆಯಲ್ಲಿ ಸರಾಸರಿ 7,000 ಮೀರುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅವರ ಊರಿನ ಚರಂಡಿ ಅಳತೆ ಇಲ್ಲಿಗೆ ತಂದರೆ ಏನಾಗುತ್ತದೆ ಅಂತ ಅವರಿಗೇ ಅರ್ಥ ಆಗುತ್ತದೆ. ಇನ್ನೊಂದು ತಮಾಷೆ: ಆಗುಂಬೆಯ ಅಳತೆ ಶಿವಮೊಗ್ಗ ಪೇಟೆಗೂ ಸರಿಯಲ್ಲ. ಒಂದೇ ಜಿಲ್ಲೆಯೊಳಗೆ ಅಷ್ಟು ವ್ಯತ್ಯಾಸ.

ಮಳೆಯಲ್ಲಿ ನಡೆಯುವಾಗ ಉಂಬಳ (ಜಿಗಣೆ) ಹತ್ತುತ್ತದೆ. ಉಪ್ಪು ಸುಣ್ಣ ಇಟ್ಟುಕೊಳ್ಳಿ, ಮೊದಲೇ ಹೇಳಿ, ನಕ್ಕು ಬಿಡುತ್ತಾರೆ. ಒಣ ಕಾಲದ ಅಪಾಯ ಮಾತ್ರ ನಗೋ ವಿಷಯ ಅಲ್ಲ. ಮಂಗನ ಕಾಯಿಲೆಗೆ ಹೆಸರು ಕೊಟ್ಟ ಕ್ಯಾಸನೂರು ಕಾಡು ಇರೋದು ನಮ್ಮ ಸೊರಬ ತಾಲ್ಲೂಕಿನಲ್ಲೇ, 1957ರಲ್ಲಿ ಅಲ್ಲೇ ಪತ್ತೆಯಾಯಿತು. ರಕ್ತ ಹೀರೋ ಉಣ್ಣೆ ಹುಳದಿಂದ (ಉಣುಗು) ಹರಡುತ್ತದೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ಕಾಡಿಗೆ ಹೋಗೋ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಉಣ್ಣೆಗೆ ಹಚ್ಚಿಕೊಳ್ಳೋ ಎಣ್ಣೆ ಕೇಳಿ. ಮೈ ತುಂಬ ಬಟ್ಟೆ, ವಾಪಸ್ ಬಂದ ಕೂಡಲೇ ಬಿಸಿನೀರು ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ತಮ್ಮ ದೇಶಕ್ಕೆ ಹೋದಮೇಲೆ ಜ್ವರ ಬಂದರೆ ಈ ಹೆಸರು ವೈದ್ಯರಿಗೆ ಹೇಳಬೇಕು. ಒಂದು ಚೀಟಿಯಲ್ಲಿ ಬರೆದು ಕೊಟ್ಟುಬಿಡಿ.

ಐದನೇ ಹೆಜ್ಜೆ: ನಕ್ಷೆ ಮತ್ತು ಅಳತೆ

ಅಮೆರಿಕದವರು ಅಡಿ ಇಂಚು, ಬೇರೆಯವರು ಮೀಟರ್, ನಮ್ಮೂರವರು ಗುಂಟೆ. ಎಕರೆಗೆ 40 ಗುಂಟೆ, ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ನಕ್ಷೆಯ ಮೂಲೆಯಲ್ಲಿ ಮೂರೂ ಇರಲಿ. ತಾರೀಖನ್ನೂ ನೋಡಿ: ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. 6/7 ಅಂದರೆ ಅವರಿಗೆ ಜೂನ್ ಏಳು, ನಮಗೆ ಜುಲೈ ಆರು. ಜೆಸಿಬಿ ಒಂದು ತಿಂಗಳು ತಡವಾಗಿ ಬಂದರೆ ಮಲೆನಾಡಿನಲ್ಲಿ ಅದು ಮುಂದಿನ ವರ್ಷಕ್ಕೇ ಬಂದ ಹಾಗೆ.

ಊರವರಿಗೆ ಮೇಲಿಂದ ನೋಡೋ ನಕ್ಷೆ ಅಷ್ಟು ಬೇಗ ಹಿಡಿಸೋದಿಲ್ಲ. ಕೆರೆಯನ್ನು ಅಡ್ಡಕ್ಕೆ ಕೊಯ್ದ ಹಾಗೆ ಬರೆದ ಚಿತ್ರ ಕೂಡಲೇ ಅರ್ಥ ಆಗುತ್ತದೆ: ಇಲ್ಲಿ ದಂಡೆ, ಇಲ್ಲಿ ಕೋಡಿ, ಇಲ್ಲಿ ತೋಟ. ಇನ್ನೂ ಒಳ್ಳೇದು ಅಂಗಳದಲ್ಲಿ ಮಣ್ಣಿನಲ್ಲೇ ಮಾಡಿದ ಮಾದರಿ. ಅಡಿಕೆ ಹಾಳೆ ಕತ್ತರಿಸಿ ಸೂರು ಮಾಡಿ, ಕಡ್ಡಿಯಲ್ಲಿ ಕಾಲುಸಂಕ ಇಡಿ, ಚೊಂಬಿನಲ್ಲಿ ನೀರು ಹೊಯ್ಯಿರಿ. ನೀರು ಎಲ್ಲಿಗೆ ಹೋಯಿತು ಅಂತ ಹತ್ತು ವರ್ಷದ ಮಕ್ಕಳೂ ಹೇಳುತ್ತಾರೆ, ಎಪ್ಪತ್ತು ವರ್ಷದವರೂ ಹೇಳುತ್ತಾರೆ.

ನೀಲಿ ಗೆರೆ ಮೂರು ಇರಲಿ: ಕೋಡಿ ಬಿದ್ದಾಗ, ದೀಪಾವಳಿಗೆ, ಯುಗಾದಿ ಕಳೆದ ಮೇಲೆ. ನಮ್ಮ ಅಜ್ಜನ ಕೆರೆಗೆ ಎರಡನೇ ಸಲ ಹಾಗೆ ಬರೆದು ತೋರಿಸಿದೆವು. ನೋಡಿ ತಲೆ ಆಡಿಸಿದರು. ಆಮೇಲೆ 'ದನ ಇಳಿಯೋದು ಎಲ್ಲಿ?' ಅಂದರು. ಮೂರನೇ ಸಲ ಬರೆದೆವು.

ಆರನೇ ಹೆಜ್ಜೆ: ಮಾತುಕತೆ

ಯೂರೋಪಿನ ಬಹುಪಾಲು ದೇಶಗಳಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ, ನಮ್ಮದಲ್ಲ. ಮಧ್ಯಾಹ್ನ ಮೂರರ ನಂತರ ಕರೆ ಇಟ್ಟುಕೊಂಡರೆ ಇಬ್ಬರಿಗೂ ಅನುಕೂಲ. ಗುಡುಗು ಶುರುವಾದರೆ ಕರೆಂಟು ಹೋಗುತ್ತದೆ, ಫೈಲು ಬೆಳಗ್ಗೆಯೇ ಕಳಿಸಿ.

ನಮ್ಮ 'ನೋಡುವಾ' ಅವರಿಗೆ 'ಆಗುತ್ತೆ' ಅಂತ ಕೇಳಿಸುತ್ತದೆ. ನಾವು ಅದನ್ನು ಬೇಡ ಅನ್ನೋಕೆ ಬಳಸುತ್ತೇವೆ ಅಂತ ಬಿಡಿಸಿ ಹೇಳಿ. ಡಚ್ಚರು, ಜರ್ಮನರು ಸಭೆಯಲ್ಲೇ ಮುಖಕ್ಕೆ ಹೊಡೆದ ಹಾಗೆ 'ಇದು ಸರಿಯಿಲ್ಲ' ಅಂತಾರೆ. ಅದು ಸಿಟ್ಟಲ್ಲ, ಅವರ ಮಾತಿನ ರೀತಿ. ಜಪಾನಿನವರು 'ಸ್ವಲ್ಪ ಕಷ್ಟ' ಅಂದರೆ ಹೆಚ್ಚುಕಡಿಮೆ ನಮ್ಮ 'ನೋಡುವಾ'ದ ಅಣ್ಣ ತಮ್ಮ.

ಏಳನೇ ಹೆಜ್ಜೆ: ಗಿಡ

ಅಕೇಶಿಯಾ ಮೂಲತಃ ಆಸ್ಟ್ರೇಲಿಯಾ ಕಡೆಯದ್ದು ಅಂತ ಶಿವಮೊಗ್ಗದವರಿಗೆ ಹೇಳಿಕೊಡಬೇಕಿಲ್ಲ. ಹೊರಗಿನ ಗಿಡ ಯಾರನ್ನೂ ಕೇಳದೆ ಬಂದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಬ್ಯಾಣಗಳೇ ಸಾಕ್ಷಿ. ಹಾಗಂತ ಹೊರಗಿನವರೇ ಬೇಡ ಅನ್ನೋದೂ ಸರಿಯಲ್ಲ. ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ 1908ರಲ್ಲಿ ಲಾಲ್‌ಬಾಗ್‌ಗೆ ಬಂದು, ಇಲ್ಲೇ ನೆಲೆನಿಂತು, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಒಂದು ಬೀದಿಯ ಹೂ ಉದುರುವಾಗ ಇನ್ನೊಂದು ಬೀದಿ ಅರಳಬೇಕು ಅಂತ ಮರ ನೆಡಿಸಿದವರು. ಇಲ್ಲಿಯ ಋತುಗಳನ್ನು ಅಷ್ಟು ವರ್ಷ ನೋಡಿದ್ದರಿಂದ ಅದು ಸಾಧ್ಯವಾಯಿತು. ಆದರೂ ಅವರು ಬಳಸಿದ ಹೊರದೇಶದ ಹೂಮರಗಳು ಪೇಟೆ ಬೀದಿಗೆ ಸರಿ. ಕಾನಿನ ಅಂಚಿಗೆ ನಾನಂತೂ ಒಪ್ಪೋದಿಲ್ಲ.

ಗಿಡದ ಪಟ್ಟಿ ನೀವೇ ಕೊಡಿ. ಹಳ್ಳದ ದಂಡೆಗೆ ಕೇದಿಗೆ, ವಾಟೆ. ದಾರಿ ಬದಿಗೆ ನೇರಳೆ, ಹಲಸು, ರಂಜ. ಧರೆಗೆ ಲಾವಂಚ. ಕಾನಿನ ಅಂಚಿಗೆ ಮುರುಗಲು, ಉಪ್ಪಾಗೆ. ಸಸಿ ಹತ್ತಿರದ ನರ್ಸರಿಯಲ್ಲಿ ಸಿಗುತ್ತದಾ ಅಂತ ನೋಡಿಕೊಂಡೇ ಬರೆಯಿರಿ. ನಕ್ಷೆಯಲ್ಲಿರೋ ಸಸಿ ಸಿಗದಿದ್ದರೆ ಗುತ್ತಿಗೆದಾರ ಸಿಕ್ಕಿದ್ದನ್ನು ನೆಟ್ಟು ಹೋಗುತ್ತಾನೆ.

ಎಂಟನೇ ಹೆಜ್ಜೆ: ಬರವಣಿಗೆಯ ಒಪ್ಪಂದ

ಎರಡು ಪುಟ ಸಾಕು. ನಿಮ್ಮ ದಿನಗೂಲಿ ಎಷ್ಟು, ವರದಿಯಲ್ಲಿ ನಿಮ್ಮ ಹೆಸರು ಎಲ್ಲಿ ಬರುತ್ತದೆ, ಊರವರ ಫೋಟೋ ಎಲ್ಲೆಲ್ಲಿ ಹಾಕಬಹುದು, ವರದಿಯ ಕನ್ನಡ ಪ್ರತಿ ಪಂಚಾಯಿತಿಗೆ ಯಾವಾಗ. 'ಸ್ಥಳೀಯ ಸಹಾಯಕರು' ಅಂತ ಒಂದು ಸಾಲಿನಲ್ಲಿ ಮುಗಿಸೋಕೆ ಬಿಡಬೇಡಿ. ನನ್ನ ಮೊದಲ ಕೆಲಸದಲ್ಲಿ ಹಾಗೇ ಆಯಿತು. ಪುಸ್ತಕ ಚಂದ ಬಂತು, ಅದರಲ್ಲಿ ಜೀಪು ಡ್ರೈವರ್ ಮತ್ತು ನಾನು ಒಂದೇ ಸಾಲಿನಲ್ಲಿ ಇದ್ದೆವು. ಡ್ರೈವರ್‌ಗೆ ಬೇಜಾರಾಗಲಿಲ್ಲ, ನನಗಾಯಿತು.

ಕೈ ಯಾರದ್ದು ಮುಂದೆ ಇರಬೇಕು ಅನ್ನೋದಕ್ಕೆ ದೆಹಲಿಯಲ್ಲಿ ಎರಡು ಮಾದರಿ ಇವೆ. ಲೋಧಿ ಗಾರ್ಡನ್‌ಗೆ 1968ರಲ್ಲಿ ಹೊಸ ರೂಪ ಕೊಟ್ಟವರು ಜೋಸೆಫ್ ಸ್ಟೈನ್ ಮತ್ತು ಗ್ಯಾರೆಟ್ ಎಕ್ಬೊ, ಇಬ್ಬರೂ ಅಮೆರಿಕದಿಂದ ಬಂದವರು. ಸ್ಟೈನ್ ಇಲ್ಲೇ ನೆಲೆಸಿದ್ದವರು. ಸುಂದರ್ ನರ್ಸರಿಯಲ್ಲಿ ಬೆಂಬಲ ಹೊರದೇಶದ ಆಗಾ ಖಾನ್ ಟ್ರಸ್ಟಿನದ್ದು, ವಿನ್ಯಾಸ ನಮ್ಮ ದೇಶದವರೇ ಆದ ಮೊಹಮ್ಮದ್ ಶಹೀರ್ ಅವರದ್ದು. ಎರಡೂ ಒಳ್ಳೆಯ ತೋಟಗಳೇ. ನಮ್ಮಂಥ ಊರಿಗೆ ಎರಡನೆಯದು ಜಾಸ್ತಿ ಹೊಂದುತ್ತದೆ ಅಂತ ನನ್ನ ಅನಿಸಿಕೆ.

ಒಪ್ಪಂದದಲ್ಲಿ ನಿರ್ವಹಣೆಗೆ ಅಂತ ಮೂರು ವರ್ಷದ ದುಡ್ಡು ಬೇರೆ ತೆಗೆದಿಡಿಸಿ. ಹೂಳು, ಕಳೆ, ಬಿದ್ದ ದಂಡೆ. ಉದ್ಘಾಟನೆಯ ಖರ್ಚಿಗಿಂತ ಅದು ಮೊದಲು.

ಅವರು ಹೋದಮೇಲೆ

ವರ್ಷಕ್ಕೆ ಮೂರು ಸಲ, ಅದೇ ಜಾಗದಲ್ಲಿ ನಿಂತು, ಅದೇ ದಿಕ್ಕಿಗೆ ಒಂದು ಫೋಟೋ ತೆಗೆಯಿರಿ. ಕೋಡಿ ಬಿದ್ದಾಗ ಒಂದು, ದೀಪಾವಳಿಗೆ ಒಂದು, ಯುಗಾದಿ ಕಳೆದ ಮೇಲೆ ಒಂದು. ಏನೂ ಬರೆಯದೆ ಕಳಿಸಿದರೂ ಸಾಕು. ಮೆಟ್ಟಿಲ ಮೇಲೆ ಪಾಚಿ ಕಟ್ಟಿದೆಯಾ, ನೆಟ್ಟ ವಾಟೆ ಬದುಕಿದೆಯಾ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ.

ಆ ಮೊದಲ ತಂಡದವರಲ್ಲಿ ಒಬ್ಬಾಕೆ ಈಗಲೂ ಉತ್ತರ ಬರೆಯುತ್ತಾಳೆ. ಈ ಸಲ ಜೂನ್ ಕೊನೆಗೆ ನಾನು ಫೋಟೋ ಕಳಿಸೋದು ತಡವಾಯಿತು. ಅವಳದೇ ಮೇಲ್ ಬಂತು, ಒಂದೇ ಪದ: "ಆರಿದ್ರಾ?"